132 ಬೈಟ್‌ಗಳ ಎಲ್ಫ್ ಫೈಲ್: ಆಫ್‌ಸೆಟ್ 78, ವಿಳಾಸ 400000 ಎಂದು ಬರೆದರೆ ಲಿನಕ್ಸ್ ಏಕೆ ಓಡಿಸುವುದಿಲ್ಲ?

ಪ್ರಶ್ನೆ

ನಾನು ಡಿಪ್ಲೊಮಾ ತರಗತಿಗಳಿಗೆ ಮೈಕ್ರೊಪ್ರೊಸೆಸರ್ ಪಾಠ ಮಾಡುವವಳು. ನಮ್ಮ ವಿದ್ಯಾರ್ಥಿಗಳು 8085 ಕಿಟ್‌ನ ಕೀಲಿಗಳನ್ನು ಒತ್ತಿ ಆಪ್‌ಕೋಡ್‌ಗಳನ್ನು ಒಂದೊಂದಾಗಿ ಮೆಮೊರಿಗೆ ಇಳಿಸಿ, ಆರಂಭದ ವಿಳಾಸ ಕೊಟ್ಟು ಓಡಿಸಿ ಕಲಿತವರು. ಅವರನ್ನು ಲಿನಕ್ಸ್‌ಗೆ ಕರೆತಂದ ಕೂಡಲೇ ಕೇಳುವ ಪ್ರಶ್ನೆ ಇದು: ಮೂರು ಸಾಲಿನ ಅಸೆಂಬ್ಲಿಗೆ ಲಿಂಕರ್ ಇಷ್ಟು ದೊಡ್ಡ ಫೈಲನ್ನು ಏಕೆ ಕೊಡುತ್ತದೆ, ಉಳಿದ ಬೈಟ್‌ಗಳಿಗೆ ಏನು ಕೆಲಸ? ಬಹಳ ಒಳ್ಳೆಯ ಪ್ರಶ್ನೆ. ಹಲಗೆಯ ಮೇಲೆ ಚಿತ್ರ ಬರೆದು ಉತ್ತರಿಸುವ ಬದಲು, ಅಸೆಂಬ್ಲರ್ ಮತ್ತು ಲಿಂಕರ್ ಎರಡನ್ನೂ ಬದಿಗಿಟ್ಟು, ಹೆಕ್ಸ್ ಎಡಿಟರ್‌ನಲ್ಲಿ ಇಡೀ ಫೈಲನ್ನು ಬರೆದು ತೋರಿಸುವ ಒಂದು ಪಾಠ ತಯಾರಿಸುತ್ತಿದ್ದೇನೆ.

ಎಕ್ಸ್86-64 ಯಂತ್ರ. ಪ್ರೋಗ್ರಾಂ ಮಾಡಬೇಕಾದದ್ದು 42 ಎಂಬ ನಿರ್ಗಮನ ಸಂಖ್ಯೆ ಕೊಟ್ಟು ಮುಗಿಯುವುದು, ಅಷ್ಟೇ. ಇಎಎಕ್ಸ್‌ಗೆ 60 (ನಿರ್ಗಮನದ ಕರೆಯ ಸಂಖ್ಯೆ) ಹಾಕಲು ಬಿ8 3ಸಿ 00 00 00, ಇಡಿಐಗೆ 42 ಹಾಕಲು ಬಿಎಫ್ 2ಎ 00 00 00, ಸಿಸ್‌ಕಾಲ್‌ಗೆ 0ಎಫ್ 05. ಒಟ್ಟು 12 ಬೈಟ್. ಇದರ ಮುಂದೆ 64 ಬೈಟ್‌ಗಳ ಎಲ್ಫ್ ಹೆಡರ್ (ಎಲ್ಫ್ ಎಂದರೆ ಲಿನಕ್ಸ್‌ನಲ್ಲಿ ಓಡಿಸಬಹುದಾದ ಫೈಲ್‌ಗಳ ರೂಪ) ಮತ್ತು 56 ಬೈಟ್‌ಗಳ ಒಂದೇ ಒಂದು ಪ್ರೋಗ್ರಾಂ ಹೆಡರ್ (ಫೈಲ್‌ನ ಯಾವ ಭಾಗ ಮೆಮೊರಿಯ ಯಾವ ವಿಳಾಸಕ್ಕೆ ಎಂದು ಹೇಳುವುದು). 64, 56, 12 ಸೇರಿ 132. ಸೆಕ್ಷನ್‌ಗಳಿಲ್ಲ, ಸಿಂಬಲ್‌ಗಳಿಲ್ಲ. ಕೋಡ್ ಶುರುವಾಗುವುದು 120ನೆಯ ಬೈಟ್‌ನಲ್ಲಿ, ಅಂದರೆ ಹೆಕ್ಸ್ 78. (ಇಲ್ಲಿಂದ ಮುಂದೆ ಆಫ್‌ಸೆಟ್, ಅಂದರೆ ಫೈಲ್‌ನ ಆರಂಭದಿಂದ ಎಣಿಸಿದ ಸ್ಥಾನ, ಮತ್ತು ವಿಳಾಸಗಳೆಲ್ಲ ಹೆಕ್ಸ್‌ನಲ್ಲಿ, ಗಾತ್ರಗಳು ದಶಮಾನದಲ್ಲಿ.)

ಪ್ರೋಗ್ರಾಂ ಹೆಡರ್‌ನಲ್ಲೂ ಎಲ್ಫ್ ಹೆಡರ್‌ನ ಎಂಟ್ರಿಯಲ್ಲೂ (ಓಟ ಶುರುವಾಗುವ ವಿಳಾಸ) ಬೇರೆ ಬೇರೆ ಮೌಲ್ಯಗಳನ್ನಿಟ್ಟು ಮೂರು ಫೈಲ್ ಮಾಡಿದ್ದೇನೆ.

ಫೈಲ್ ಅ: ಆಫ್‌ಸೆಟ್ 0, ವಿಳಾಸ 400000, ಗಾತ್ರ 132, ಎಂಟ್ರಿ 400078. ಓಡುತ್ತದೆ. ಎಕೋ $? ಎಂದರೆ 42 ಬರುತ್ತದೆ.

ಫೈಲ್ ಆ: ಆಫ್‌ಸೆಟ್ 78, ವಿಳಾಸ 400078, ಗಾತ್ರ 12, ಎಂಟ್ರಿ 400078. ಇದೂ ಓಡುತ್ತದೆ.

ಫೈಲ್ ಇ: ಆಫ್‌ಸೆಟ್ 78, ವಿಳಾಸ 400000, ಗಾತ್ರ 12, ಎಂಟ್ರಿ 400000. ಸೆಗ್ಮೆಂಟೇಶನ್ ಫಾಲ್ಟ್.

ನನಗೆ ಪಾಠಕ್ಕೆ ಬೇಕಾಗಿರುವುದು ಮೂರನೆಯದೇ. ಹೆಡರ್ ಕರ್ನಲ್ ಓದಲಿಕ್ಕೆ, ಕೋಡ್ ಪ್ರೊಸೆಸರ್ ಓದಲಿಕ್ಕೆ. ಮೆಮೊರಿಗೆ ಹೋಗಬೇಕಾದದ್ದು ಕೋಡ್ ಮಾತ್ರ, ಅದೂ 400000 ಎಂಬ ದುಂಡು ವಿಳಾಸಕ್ಕೆ. ಕಿಟ್‌ನಲ್ಲಿ ಕಲಿತವರಿಗೆ ಇದಕ್ಕಿಂತ ಸಹಜವಾದ ಜೋಡಣೆ ಇನ್ನೊಂದಿಲ್ಲ. ಹೆಡರ್‌ಗಳನ್ನು ತೋರಿಸುವ ರೀಡ್‌ಎಲ್ಫ್ ಮೂರೂ ಫೈಲ್‌ಗಳನ್ನು ತಕರಾರಿಲ್ಲದೆ ಓದುತ್ತದೆ. ಜಿಡಿಬಿ ಡೀಬಗರ್‌ನಲ್ಲಿ ಸ್ಟಾರ್ಟ್‌ಐ ಕೊಟ್ಟರೆ ಮೊದಲ ಇನ್‌ಸ್ಟ್ರಕ್ಷನ್‌ನಲ್ಲಿ ನಿಲ್ಲಬೇಕಲ್ಲವೇ? ಫೈಲ್ ಇ ಅಲ್ಲಿಯವರೆಗೂ ಬರುವುದಿಲ್ಲ. ಆರಂಭವಾಗುವಾಗಲೇ ಪ್ರೋಗ್ರಾಂ ಮುಗಿಯಿತು ಎಂಬ ಸಂದೇಶ ಬರುತ್ತದೆ. ಒಂದು ಇನ್‌ಸ್ಟ್ರಕ್ಷನ್ನೂ ಓಡದೆ ಸೆಗ್ಮೆಂಟೇಶನ್ ಫಾಲ್ಟ್ ಆಗುವುದು ಹೇಗೆ?

ಪ್ರೋಗ್ರಾಂ ಹೆಡರ್‌ನ ಅಲೈನ್ ಕ್ಷೇತ್ರದಲ್ಲಿ 1000 ಇತ್ತು. ಅಲ್ಲಿ 0 ಅಥವಾ 1 ಇದ್ದರೆ ಅಲೈನ್‌ಮೆಂಟಿನ ನಿರ್ಬಂಧವೇ ಇಲ್ಲ ಎಂದು ಎಲ್ಫ್ ನಿರ್ದಿಷ್ಟತೆ ಹೇಳುತ್ತದೆ. 1 ಎಂದು ಬದಲಾಯಿಸಿ ನೋಡಿದೆ, ಫಲಿತಾಂಶ ಅದೇ.

ಜೊತೆಗೆ ಇನ್ನೊಂದು. ಫೈಲ್ ಅ ಇದರ ಕೊನೆಯಲ್ಲಿ ಸಿಸ್‌ಕಾಲ್ ಬದಲು ರೆಟ್ (ಸಿ3) ಹಾಕಿದರೂ ಸೆಗ್ಮೆಂಟೇಶನ್ ಫಾಲ್ಟ್ ಆಗುತ್ತದೆ. ಡಾಸ್‌ನ ಕಾಮ್ ಫೈಲ್‌ಗಳು ರೆಟ್‌ನಿಂದಲೇ ಚೆನ್ನಾಗಿ ಮುಗಿಯುತ್ತಿದ್ದವು. ಇಲ್ಲಿ ಏನು ವ್ಯತ್ಯಾಸ?

ಉತ್ತರ 1

ಸೆಕ್ಷನ್ ಹೆಡರ್ ಟೇಬಲ್ ಇಲ್ಲದಿರುವುದರಿಂದ ಹೀಗಾಗುತ್ತಿರಬಹುದು. ಟೆಕ್ಸ್ಟ್ ಸೆಕ್ಷನ್ ಎಲ್ಲಿದೆ ಎಂದು ಕರ್ನಲ್‌ಗೆ ಗೊತ್ತಾಗಬೇಕಲ್ಲ? ನ್ಯಾಸ್ಮ್ ಅಸೆಂಬ್ಲರ್‌ನಲ್ಲಿ ಬರೆದು ಎಲ್‌ಡಿ ಲಿಂಕರ್‌ನಿಂದ ಲಿಂಕ್ ಮಾಡಿ, ಬಂದ ಫೈಲನ್ನು ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಆದರೆ ಅ ಮತ್ತು ಆ ಎರಡರಲ್ಲೂ ಸೆಕ್ಷನ್ ಇಲ್ಲ, ಎರಡೂ ಓಡುತ್ತವೆ. ಆ ಮತ್ತು ಇ ನಡುವೆ ಬದಲಾಗಿರುವುದು ವಿಳಾಸ ಮತ್ತು ಎಂಟ್ರಿ ಮಾತ್ರ. ಕಾರಣ ಅಲ್ಲೇ ಎಲ್ಲೋ ಇರಬೇಕು.

ಉತ್ತರ 2

ಮೇಡಂ, ಕಾರಣ ಅಲ್ಲೇ ಇದೆ. ನಾನು ಬೋರ್ಡ್‌ಗಳಿಗೆ ಬೂಟ್‌ಲೋಡರ್ ಬರೆಯುವ ಕೆಲಸದವನು. ಎಲ್ಫ್ ಫೈಲನ್ನು ಬಿಚ್ಚಿ ಮೆಮೊರಿಯಲ್ಲಿ ಹರಡುವ ಕೋಡನ್ನು ಸ್ವತಃ ಬರೆದಿದ್ದೇನೆ. ಬೂಟ್‌ಲೋಡರ್‌ನಲ್ಲಿ ನಿಮ್ಮ ಫೈಲ್ ಇ ಯಾವ ಅಡ್ಡಿಯೂ ಇಲ್ಲದೆ ಓಡುತ್ತದೆ, ಏಕೆಂದರೆ ಅಲ್ಲಿ ನಾವು ಬೈಟ್‌ಗಳನ್ನು ನಕಲು ಮಾಡುತ್ತೇವೆ: ಫೈಲ್‌ನ 78ರಿಂದ 12 ಬೈಟ್ ಎತ್ತಿ 400000ದಲ್ಲಿ ಇಡುತ್ತೇವೆ. 8085 ಕಿಟ್‌ನಲ್ಲಿ ನಿಮ್ಮ ವಿದ್ಯಾರ್ಥಿಗಳು ಬೆರಳಿನಿಂದ ಮಾಡುವುದೂ ಅದೇ. ಲಿನಕ್ಸ್ ಹಾಗೆ ನಕಲು ಮಾಡುವುದಿಲ್ಲ. ಇಡೀ ವಿಷಯ ಇರುವುದು ಇಲ್ಲಿ.

ಮೊದಲು ಸಾಕ್ಷ್ಯ ನೋಡೋಣ. ಇಂಥ ಸಂದರ್ಭದಲ್ಲಿ ಜಿಡಿಬಿಗಿಂತ ಮೊದಲು ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಉಪಕರಣ) ಕೈಗೆತ್ತಿಕೊಳ್ಳಿ. ಎಸ್‌ಟ್ರೇಸ್ ಅಡಿಯಲ್ಲಿ ಫೈಲ್ ಇ ಓಡಿಸಿದರೆ ಎರಡೇ ಸಾಲು ಬರುತ್ತವೆ. ಮೊದಲನೆಯದರಲ್ಲಿ ಎಕ್ಸೆಕ್-ವಿ-ಇ, ಅಂದರೆ ಹೊಸ ಪ್ರೋಗ್ರಾಂ ಓಡಿಸುವ ಕರೆ, -1 ಕೊಟ್ಟು, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎನ್ನುತ್ತದೆ. ಎರಡನೆಯದರಲ್ಲಿ ಪ್ರಕ್ರಿಯೆ ಸಿಗ್‌ಸೆಗ್‌ವಿ ಸಂಕೇತದಿಂದ ಕೊಲ್ಲಲ್ಪಟ್ಟಿತು ಎಂದಿರುತ್ತದೆ. ಅಂದರೆ ನಿಮ್ಮ ಕೋಡ್ ತಪ್ಪು ವಿಳಾಸವನ್ನು ಮುಟ್ಟಿಲ್ಲ. ಫೈಲನ್ನು ಮೆಮೊರಿಗೆ ತರುವ ಹಂತದಲ್ಲೇ ಕರ್ನಲ್ ಸೋತಿದೆ. ಸೋತಾಗ ಸುಮ್ಮನೆ ದೋಷಸಂಖ್ಯೆ ಹಿಂದಿರುಗಿಸಿದ್ದರೆ ಶೆಲ್ ಅದನ್ನು ತಿಳಿಸುತ್ತಿತ್ತು. ಆದರೆ ಸೆಗ್ಮೆಂಟ್‌ಗಳನ್ನು (ಪ್ರೋಗ್ರಾಂ ಹೆಡರ್ ಹೇಳುವ ಫೈಲ್‌ನ ಭಾಗಗಳನ್ನು) ಕೂರಿಸಲು ಶುರುಮಾಡುವ ಮೊದಲೇ ಎಕ್ಸೆಕ್-ವಿ-ಇ ಹಳೆಯ ಪ್ರೋಗ್ರಾಂನ ಮೆಮೊರಿಯನ್ನು ಕಳಚಿಹಾಕಿರುತ್ತದೆ. ದೋಷಸಂಖ್ಯೆ ಪಡೆಯಲು ಹಿಂದೆ ಯಾರೂ ಉಳಿದಿಲ್ಲ, ಮುಂದಿನದು ಇನ್ನೂ ಹುಟ್ಟಿಲ್ಲ. ಆ ಸ್ಥಿತಿಯಲ್ಲಿ ಕರ್ನಲ್‌ಗಿರುವ ದಾರಿ ಪ್ರಕ್ರಿಯೆಯನ್ನು ಕೊಲ್ಲುವುದೊಂದೇ, ಅದಕ್ಕೆ ಅದು ಬಳಸುವ ಸಂಕೇತ ಸಿಗ್‌ಸೆಗ್‌ವಿ. ಹೀಗಾಗಿ ಒಂದು ಇನ್‌ಸ್ಟ್ರಕ್ಷನ್ನೂ ಓಡದೆ ಸೆಗ್ಮೆಂಟೇಶನ್ ಫಾಲ್ಟ್ ಎಂಬ ಮಾತು ಪರದೆಗೆ ಬರುತ್ತದೆ.

ಈಗ ಸೋತದ್ದು ಏಕೆ ಎಂಬುದು. ಲೋಡ್ ಮಾಡಬೇಕಾದ ಪ್ರತಿಯೊಂದು ಸೆಗ್ಮೆಂಟನ್ನೂ ಕರ್ನಲ್ ಎಂಮ್ಯಾಪ್ ಮೂಲಕ ಜೋಡಿಸುತ್ತದೆ. ಫೈಲ್‌ನ ಇಂಥ ಪೇಜ್ (ನಿಗದಿತ ಗಾತ್ರದ ತುಂಡು) ಮೆಮೊರಿಯ ಇಂಥ ಪೇಜ್‌ನಲ್ಲಿ ಕಾಣಲಿ ಎಂದು ಪೇಜ್ ಟೇಬಲ್‌ನಲ್ಲಿ ವ್ಯವಸ್ಥೆ ಮಾಡುವುದು, ಅಷ್ಟೇ. ಬೈಟ್‌ಗಳನ್ನು ಯಾರೂ ಸರಿಸುವುದಿಲ್ಲ. ನಿಮ್ಮ ಯಂತ್ರದಲ್ಲಿ ಪೇಜ್ ಗಾತ್ರ 4096 ಬೈಟ್, ಹೆಕ್ಸ್ 1000. ಪೇಜ್‌ನ ಒಳಗೆ ಬೈಟ್‌ನ ಸ್ಥಾನ ಬದಲಾಗಲು ಸಾಧ್ಯವೇ ಇಲ್ಲ. ಫೈಲ್‌ನ ಪೇಜ್‌ನಲ್ಲಿ 78ನೆಯ ಸ್ಥಾನದಲ್ಲಿರುವ ಬೈಟ್ ಮೆಮೊರಿಯ ಪೇಜ್‌ನಲ್ಲೂ 78ನೆಯ ಸ್ಥಾನದಲ್ಲೇ ಇರಬೇಕು. ನೀವು ಅದನ್ನು 0ನೆಯ ಸ್ಥಾನದಲ್ಲಿ ಕೇಳಿದ್ದೀರಿ.

ಕರ್ನಲ್‌ನ ಲೆಕ್ಕ ಹೀಗೆ ನಡೆಯುತ್ತದೆ. ಕೊಟ್ಟ ವಿಳಾಸದಲ್ಲಿ ಪೇಜ್‌ನೊಳಗಿನ ಭಾಗ ಎಷ್ಟು ಎಂದು ನೋಡುತ್ತದೆ. ಅಷ್ಟನ್ನು ವಿಳಾಸದಿಂದಲೂ ಕಳೆಯುತ್ತದೆ, ಆಫ್‌ಸೆಟ್‌ನಿಂದಲೂ ಕಳೆಯುತ್ತದೆ, ಗಾತ್ರಕ್ಕೆ ಕೂಡಿಸುತ್ತದೆ. ಫೈಲ್ ಆ ತೆಗೆದುಕೊಳ್ಳಿ: 400078ರಲ್ಲಿ ಪೇಜ್‌ನೊಳಗಿನ ಭಾಗ 78. ವಿಳಾಸ 400000 ಆಯಿತು, ಆಫ್‌ಸೆಟ್ 78 ಹೋಗಿ 0 ಆಯಿತು. ಎರಡೂ ಪೇಜ್ ಗಡಿಯಲ್ಲಿವೆ, ಎಂಮ್ಯಾಪ್ ಒಪ್ಪುತ್ತದೆ. ಫೈಲ್ ಇ: 400000ದಲ್ಲಿ ಪೇಜ್‌ನೊಳಗಿನ ಭಾಗ 0. ಕಳೆಯಲು ಏನೂ ಇಲ್ಲ, ಆಫ್‌ಸೆಟ್ 78 ಹಾಗೆಯೇ ಉಳಿಯಿತು. ಪೇಜ್ ಗಡಿಯಲ್ಲಿಲ್ಲದ ಆಫ್‌ಸೆಟ್‌ಗೆ ಎಂಮ್ಯಾಪ್ ಕೊಡುವ ಉತ್ತರವೇ ಆ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್.

ವಿದ್ಯಾರ್ಥಿಗಳಿಗೆ ಹೇಳಲು ಸುಲಭವಾದ ರೂಪ: 4096 ಬೈಟ್‌ಗಳ ಪೇಜ್ ಇರುವ ಯಂತ್ರದಲ್ಲಿ ಆಫ್‌ಸೆಟ್ ಮತ್ತು ವಿಳಾಸದ ಕೊನೆಯ ಮೂರು ಹೆಕ್ಸ್ ಅಂಕಿಗಳು ಒಂದೇ ಆಗಿರಬೇಕು. ಫೈಲ್ ಅ: 000 ಮತ್ತು 000. ಫೈಲ್ ಆ: 078 ಮತ್ತು 078. ಫೈಲ್ ಇ: 078 ಮತ್ತು 000.

ಅಲೈನ್ ಕ್ಷೇತ್ರ ಇದನ್ನು ಬದಲಾಯಿಸಲಾರದು. ನಿರ್ದಿಷ್ಟತೆಯಲ್ಲಿ ನೀವು ಓದಿದ ಮಾತು ಸರಿ. ಆದರೆ ಲೋಡ್ ಆಗುವ ಸೆಗ್ಮೆಂಟ್‌ಗಳಿಗೆ ಅದೇ ನಿರ್ದಿಷ್ಟತೆ ಇನ್ನೊಂದು ಮಾತನ್ನೂ ಹೇಳುತ್ತದೆ: ಪೇಜ್ ಗಾತ್ರದಿಂದ ಭಾಗಿಸಿದರೆ ವಿಳಾಸಕ್ಕೂ ಆಫ್‌ಸೆಟ್‌ಗೂ ಒಂದೇ ಶೇಷ ಬರಬೇಕು. ವಿಳಾಸ ನಿಗದಿಯಾಗಿರುವ ನಿಮ್ಮಂಥ ಫೈಲನ್ನು ಕೂರಿಸುವಾಗ ಕರ್ನಲ್ ಲೆಕ್ಕ ಹಾಕುವುದು ತನ್ನ ನಿಜವಾದ ಪೇಜ್ ಗಾತ್ರದಿಂದ. ಅಲೈನ್‌ನಲ್ಲಿ ಏನಿದೆ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ನೀವು ತರಗತಿಯಲ್ಲಿ ತೋರಿಸಲೇಬೇಕು ಎಂದು ನನ್ನ ಆಸೆ. ಫೈಲ್ ಆ ಇದರಲ್ಲಿ ಹೆಡರ್ ಬೇಡ, ಕೋಡಿನ 12 ಬೈಟ್ ಮಾತ್ರ ಸಾಕು ಎಂದು ಬರೆದಿದ್ದೀರಿ. ಜಿಡಿಬಿಯಲ್ಲಿ ಸ್ಟಾರ್ಟ್‌ಐ ಕೊಟ್ಟು 400000 ವಿಳಾಸದ ನಾಲ್ಕು ಬೈಟ್ ನೋಡಿ. 7ಎಫ್ 45 4ಸಿ 46 ಕಾಣುತ್ತದೆ. ಎಲ್ಫ್ ಹೆಡರ್‌ನ ಗುರುತಿನ ಬೈಟ್‌ಗಳು! ಕೇಳದಿದ್ದರೂ ಹೆಡರ್ ಮೆಮೊರಿಗೆ ಬಂದಿದೆ, ಏಕೆಂದರೆ ಪೇಜ್ ಬಂದರೆ ಪೂರ್ತಿ ಬರುತ್ತದೆ. ಮ್ಯಾಪಿಂಗ್ ಪಟ್ಟಿಯಲ್ಲೂ 400000ದಿಂದ 401000ದವರೆಗೆ, ಆಫ್‌ಸೆಟ್ 0 ಎಂದೇ ಇರುತ್ತದೆ. ನೀವು ಬರೆದ 78 ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಂದರೆ ಅ ಮತ್ತು ಆ ಮೆಮೊರಿಯಲ್ಲಿ ಒಂದೇ ಜೋಡಣೆ. 132ರ ಆಚೆ ಪೇಜ್‌ನ ಕೊನೆಯವರೆಗೆ ಸೊನ್ನೆಗಳು ತುಂಬಿರುತ್ತವೆ.

ಉತ್ತರ 1 ಬರೆದವರ ಗಮನಕ್ಕೆ: ಸೆಕ್ಷನ್‌ಗಳು ಲಿಂಕರ್ ಮತ್ತು ಡೀಬಗರ್‌ಗಾಗಿ ಇರುವಂಥವು. ಪ್ರೋಗ್ರಾಂ ಓಡಿಸುವಾಗ ಕರ್ನಲ್ ನೋಡುವುದು ಎಲ್ಫ್ ಹೆಡರ್ ಮತ್ತು ಪ್ರೋಗ್ರಾಂ ಹೆಡರ್‌ಗಳನ್ನು. ಸೆಕ್ಷನ್ ಟೇಬಲನ್ನು ಪೂರ್ತಿ ಕಿತ್ತುಹಾಕಿದರೂ ಫೈಲ್ ಓಡುತ್ತದೆ. ಕೋಡನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ಗೆ ಮಾತ್ರ ಅದರಲ್ಲಿ ತೋರಿಸಲು ಏನೂ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಸರ್, ಎಸ್‌ಟ್ರೇಸ್‌ನಲ್ಲಿ ನೀವು ಹೇಳಿದ ಎರಡೂ ಸಾಲು ಬಂದವು. 400000ದಲ್ಲಿ 7ಎಫ್ 45 4ಸಿ 46 ಕೂಡ ಕಂಡಿತು. ಕಿಟ್‌ನ ಅಭ್ಯಾಸದಿಂದ ಬೈಟ್ ಎಂಬುದೇ ಅಳತೆ ಎಂದುಕೊಂಡು ಓದುತ್ತಿದ್ದ ಕ್ಷೇತ್ರಗಳನ್ನು ಈಗ ಪೇಜ್‌ನ ಅಳತೆಯಿಂದ ಮತ್ತೆ ಓದಿದೆ. ಪ್ರೋಗ್ರಾಂ ಹೆಡರ್ ಪೂರ್ತಿ ಬೇರೆಯಾಗಿಯೇ ಕಾಣುತ್ತಿದೆ.

ಎರಡು ಮುಂದುವರಿಕೆ ಪ್ರಶ್ನೆಗಳು. ಕೋಡ್ ನಿಜಕ್ಕೂ 400000ದಲ್ಲೇ ಇರಬೇಕು, ಹೆಡರ್ ಮೆಮೊರಿಯಲ್ಲಿ ಇರಲೇಬಾರದು ಎಂದರೆ ಏನು ಮಾಡಬೇಕು? ಹಾಗೆಯೇ, ಹಳೆಯ ಪಾಠಗಳಲ್ಲಿ ಎಂಟ್ರಿ ವಿಳಾಸ 4000ಬಿ0 ಎಂದಿರುತ್ತದೆ, ನನ್ನ ಎಲ್‌ಡಿ 401000 ಕೊಡುತ್ತದೆ. ವಿದ್ಯಾರ್ಥಿಗಳು ಇದನ್ನು ಖಂಡಿತ ಕೇಳುತ್ತಾರೆ.

ಉತ್ತರ 2 ಬರೆದವರು

ಮೊದಲನೆಯದಕ್ಕೆ: ಕೋಡನ್ನು ಫೈಲ್‌ನಲ್ಲಿ ಮುಂದಿನ ಪೇಜ್‌ಗೆ ಸರಿಸಿ. 120ನೆಯ ಬೈಟ್‌ನಿಂದ 4095ರವರೆಗೆ ಸೊನ್ನೆ ತುಂಬಿ, ಕೋಡನ್ನು ಆಫ್‌ಸೆಟ್ 1000ದಲ್ಲಿ ಇಡಿ. ಪ್ರೋಗ್ರಾಂ ಹೆಡರ್‌ನಲ್ಲಿ ಆಫ್‌ಸೆಟ್ 1000, ವಿಳಾಸ 400000; ಎಲ್ಫ್ ಹೆಡರ್‌ನಲ್ಲಿ ಎಂಟ್ರಿ 400000. ಕೊನೆಯ ಮೂರು ಅಂಕಿ ಎರಡೂ ಕಡೆ 000. ಫೈಲ್ 4108 ಬೈಟ್ ಆಗುತ್ತದೆ. ಅದರಲ್ಲಿ ಕೆಲಸಕ್ಕೆ ಬರುವುದು 132, ಉಳಿದದ್ದು ಸೊನ್ನೆ. "ಇಷ್ಟು ದೊಡ್ಡ ಫೈಲ್ ಏಕೆ" ಎಂಬ ಮಕ್ಕಳ ಪ್ರಶ್ನೆಗೆ ಅರ್ಧ ಉತ್ತರ ಇದೇ, ಉಳಿದರ್ಧ ಸಿಂಬಲ್ ಮತ್ತು ಸೆಕ್ಷನ್ ಟೇಬಲ್‌ಗಳು.

ಎರಡನೆಯದಕ್ಕೆ: 4000ಬಿ0 ಎಂಬುದನ್ನು ಬಿಡಿಸಿ ನೋಡಿ. ಹೆಕ್ಸ್ ಬಿ0 ಎಂದರೆ 176. ಎಲ್ಫ್ ಹೆಡರ್ 64, ಕೋಡಿಗೊಂದು ಡೇಟಾಗೊಂದು ಎಂದು ಎರಡು ಪ್ರೋಗ್ರಾಂ ಹೆಡರ್‌ಗೆ 112. ಕೂಡಿಸಿದರೆ 176. ಹಳೆಯ ಲಿಂಕರ್ ಹೆಡರ್ ಮುಗಿದ ಕೂಡಲೇ ಕೋಡ್ ಇಡುತ್ತಿತ್ತು, ನಿಮ್ಮ ಫೈಲ್ ಅ ಹಾಗೆಯೇ. ಅದೇ ಹಳೆಯ ಪಾಠಗಳಲ್ಲಿ ಡೇಟಾ ವಿಳಾಸ 6000ಡಿ4, 6000ಡಿ8 ಎಂದು ವಿಚಿತ್ರವಾಗಿ ಇರುವುದನ್ನೂ ಗಮನಿಸಿರಬಹುದು. ಫೈಲ್‌ನಲ್ಲಿ ಆ ಡೇಟಾ ಇರುವ ಆಫ್‌ಸೆಟ್ ಡಿ4 ಅಥವಾ ಡಿ8. ಬಾಲ ಒಂದೇ ಇರಬೇಕು ಎಂಬ ನಿಯಮ ಅಲ್ಲೂ ಕೆಲಸ ಮಾಡಿದೆ. ಫೈಲ್‌ನ ಒಂದೇ ಪೇಜ್ ಎರಡು ಬಾರಿ ಮ್ಯಾಪ್ ಆಗುತ್ತಿತ್ತು: 400000ದಲ್ಲಿ ಓದಲು ಮತ್ತು ಓಡಿಸಲು, 600000ದಲ್ಲಿ ಓದಲು ಮತ್ತು ಬರೆಯಲು. ಜಾಗ ಉಳಿಸುವ ಈ ಜಾಣ್ಮೆ ನನಗೆ ಇಂದಿಗೂ ಇಷ್ಟ.

ಆದರೆ ಅದಕ್ಕೊಂದು ಬೆಲೆ ಇತ್ತು. ಹೆಡರ್ ಬೈಟ್‌ಗಳು, ಪಕ್ಕದ ಡೇಟಾ ಎಲ್ಲವೂ ಓಡಿಸಬಹುದಾದ ಪೇಜ್‌ನಲ್ಲಿ ಬಂದು ಕೂರುತ್ತಿದ್ದವು. ದಾಳಿಕೋರನಿಗೆ ಇನ್‌ಸ್ಟ್ರಕ್ಷನ್‌ನಂತೆ ಬಳಸಿಕೊಳ್ಳಲು ಅಷ್ಟು ಹೆಚ್ಚು ಬೈಟ್ ಸಿಕ್ಕಂತೆ. 2018ರಲ್ಲಿ ಬಂದ ಬಿನ್‌ಯುಟಿಲ್ಸ್ (ಎಲ್‌ಡಿ ಸೇರಿರುವ ಉಪಕರಣಗಳ ಕಟ್ಟು) 2.31ರಿಂದ ಎಕ್ಸ್86 ಲಿನಕ್ಸ್‌ನಲ್ಲಿ ಎಲ್‌ಡಿ ಕೋಡನ್ನು ಪ್ರತ್ಯೇಕ ಪೇಜ್‌ಗಳಲ್ಲಿ ಇಡುವುದನ್ನೇ ರೂಢಿ ಮಾಡಿಕೊಂಡಿದೆ. ಹೆಡರ್ 400000ದಲ್ಲಿ ಓದಲು ಮಾತ್ರ, ಕೋಡ್ 401000ದಿಂದ. ಆ ಬದಲಾವಣೆ ನನ್ನ ಪಾಲಿಗೆ ಸರಿಯಾದ ನಿರ್ಧಾರ; 4096 ಬೈಟ್ ಉಳಿಸುವ ಕಾಲ ಹೋಗಿದೆ. ಹಳೆಯ ಜೋಡಣೆ ತರಗತಿಗೆ ಬೇಕಿದ್ದರೆ ಎಲ್‌ಡಿಗೆ -ಝಡ್ ನೋಸೆಪರೇಟ್-ಕೋಡ್ ಎಂಬ ಆಯ್ಕೆ ಕೊಡಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ.

ಇನ್ನೊಂದು ಮಾತು. ಫೈಲ್ ಇ ಬರೆಯುವಾಗ ನಿಮಗಿದ್ದ ನಿರೀಕ್ಷೆ ಅಸಹಜವಾದದ್ದೇನಲ್ಲ. ವಿಂಡೋಸ್‌ನ ಪಿಇ ಫೈಲ್‌ಗಳಲ್ಲಿ ಕೋಡ್ ಸೆಕ್ಷನ್ ಫೈಲ್‌ನ 400ರಲ್ಲಿದ್ದು ಮೆಮೊರಿಯಲ್ಲಿ 1000ಕ್ಕೆ ಹೋಗುವುದು ದಿನನಿತ್ಯದ ಸಂಗತಿ. ಅಲ್ಲಿ ಫೈಲ್‌ನೊಳಗಿನ ಜೋಡಣೆಗೆ 512 ಬೈಟ್‌ಗಳ ಅಳತೆ, ಮೆಮೊರಿಯ ಜೋಡಣೆಗೆ 4096ರ ಅಳತೆ, ಎರಡೂ ಹೆಡರ್‌ನಲ್ಲಿ ಬೇರೆ ಬೇರೆ ಕ್ಷೇತ್ರಗಳಾಗಿವೆ. ಎಲ್ಫ್ ಮಾಡಿದವರು ಆ ಹೊರೆಯನ್ನು ಕರ್ನಲ್ ಮೇಲೆ ಹಾಕದೆ ಲಿಂಕರ್ ಮೇಲೆ ಹಾಕಿದರು. ಲಿಂಕರ್ ಒಮ್ಮೆ ಮಾಡುವ ಕೆಲಸ, ಕರ್ನಲ್ ಪ್ರತಿ ಬಾರಿಯೂ ಮಾಡಬೇಕಾದ ಕೆಲಸ. ಹೊರೆ ಇರಬೇಕಾದ ಕಡೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 3

ರೆಟ್ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಡಾಸ್ ಕಾಲದಲ್ಲಿ ಕಾಮ್ ಫೈಲ್ ಬರೆದೇ ಅಸೆಂಬ್ಲಿ ಕಲಿತವನು ನಾನು.

ಕಾಮ್ ಫೈಲ್‌ಗೆ ಹೆಡರ್ ಎಂಬುದೇ ಇಲ್ಲ. ಇಡೀ ಫೈಲನ್ನು ಡಾಸ್ ಒಂದು ಸೆಗ್ಮೆಂಟ್‌ನ 100ನೆಯ ಆಫ್‌ಸೆಟ್‌ಗೆ ನಕಲು ಮಾಡಿ ಅಲ್ಲಿಗೆ ಜಿಗಿಯುತ್ತದೆ. ಅದರ ಹಿಂದಿನ 256 ಬೈಟ್‌ಗಳು ಪ್ರೋಗ್ರಾಂ ಸೆಗ್ಮೆಂಟ್ ಪ್ರಿಫಿಕ್ಸ್, ಪಿಎಸ್‌ಪಿ. ಅದರ ಮೊದಲ ಎರಡು ಬೈಟ್ ಸಿಡಿ 20, ಅಂದರೆ ಇಂಟ್ 20, ಪ್ರೋಗ್ರಾಂ ಮುಗಿಸುವ ಕರೆ. ಜಿಗಿಯುವ ಮೊದಲು ಡಾಸ್ ಸ್ಟ್ಯಾಕ್ ಮೇಲೆ ಒಂದು ಸೊನ್ನೆ ಇಟ್ಟಿರುತ್ತದೆ. ನಿಮ್ಮ ರೆಟ್ ಆ ಸೊನ್ನೆಯನ್ನು ಎತ್ತಿಕೊಂಡು ಆಫ್‌ಸೆಟ್ 0ಗೆ ಹೋಗುತ್ತದೆ, ಅಲ್ಲಿ ಇಂಟ್ 20 ಸಿಗುತ್ತದೆ, ಪ್ರೋಗ್ರಾಂ ಮುಗಿಯುತ್ತದೆ. ರೆಟ್ ಕೆಲಸ ಮಾಡಿದ್ದು ಈ ಏರ್ಪಾಡಿನಿಂದ.

ಲಿನಕ್ಸ್‌ನಲ್ಲಿ ಎಂಟ್ರಿ ವಿಳಾಸಕ್ಕೆ ಬಂದಾಗ ಸ್ಟ್ಯಾಕ್‌ನ ತುದಿಯಲ್ಲಿ ಹಿಂದಿರುಗುವ ವಿಳಾಸ ಇರುವುದಿಲ್ಲ. ಅಲ್ಲಿರುವುದು ಆಜ್ಞಾಸಾಲಿನ ಆರ್ಗ್ಯುಮೆಂಟ್‌ಗಳ ಸಂಖ್ಯೆ. ಅದರ ಮೇಲಿನ ವಿಳಾಸಗಳಲ್ಲಿ ಆರ್ಗ್ಯುಮೆಂಟ್‌ಗಳ ಪಾಯಿಂಟರ್‌ಗಳು, ಒಂದು ಸೊನ್ನೆ, ಆಮೇಲೆ ಪರಿಸರದ ಪಾಯಿಂಟರ್‌ಗಳು. ಪ್ರೋಗ್ರಾಂ ಹೆಸರನ್ನಷ್ಟೇ ಕೊಟ್ಟು ಓಡಿಸಿದರೆ ಆ ಸಂಖ್ಯೆ 1. ರೆಟ್ ಅದನ್ನು ವಿಳಾಸವೆಂದು ಭಾವಿಸಿ 1ಕ್ಕೆ ಜಿಗಿಯುತ್ತದೆ. ಜಿಡಿಬಿಯಲ್ಲಿ ಆರ್‌ಐಪಿ (ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸವಿರುವ ರಿಜಿಸ್ಟರ್) ನೋಡಿ, 1 ಎಂದಿರುತ್ತದೆ. ಮೂರು ಆರ್ಗ್ಯುಮೆಂಟ್ ಕೊಟ್ಟು ಓಡಿಸಿ, ಹೆಸರೂ ಸೇರಿ 4 ಎಂದಿರುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದರೆ ಸ್ಟ್ಯಾಕ್‌ನ ಪಾಠ ಮತ್ತೆ ಮಾಡಬೇಕಾಗುವುದಿಲ್ಲ. ಇದು ನಿಜವಾದ ಸೆಗ್ಮೆಂಟೇಶನ್ ಫಾಲ್ಟ್, ಪ್ರೊಸೆಸರ್ ತಾನೇ ಎತ್ತಿದ್ದು. ಫೈಲ್ ಇ ವಿಷಯದಲ್ಲಿ ಬಂದದ್ದು ಕರ್ನಲ್ ತಾನಾಗಿ ಕಳಿಸಿದ ಸಂಕೇತ. ಎರಡಕ್ಕೂ ಪರದೆಯ ಮೇಲೆ ಒಂದೇ ಸಂದೇಶ ಬರುವುದರಿಂದ ಈ ಎರಡೂ ಪ್ರಯೋಗವನ್ನು ಒಂದೇ ದಿನ ಮಾಡಿಸಿ ಎಂದು ನನ್ನ ಸಲಹೆ.

ಸಿ ಭಾಷೆಯ ಮೈನ್‌ನಲ್ಲಿ ರೆಟ್ ಕೆಲಸ ಮಾಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಎಂಟ್ರಿ ವಿಳಾಸ ಮೈನ್‌ನದ್ದಲ್ಲ. ಲೈಬ್ರರಿಯ ಆರಂಭದ ಕೋಡ್ ಮೈನ್ ಅನ್ನು ಕರೆಯುತ್ತದೆ, ಹಿಂದಿರುಗಿದ ಮೇಲೆ ನಿರ್ಗಮನದ ಕರೆಯನ್ನು ಅದೇ ಮಾಡುತ್ತದೆ.

ಹೆಡರ್ ಮೆಮೊರಿಗೆ ಬರಬೇಕೋ ಬೇಡವೋ ಎಂಬ ಮಾತು ಬಂದದ್ದರಿಂದ ಹಳೆಯದೊಂದು ನೆನಪಾಯಿತು. ಪಿಡಿಪಿ-11 ಯಂತ್ರದ ಯುನಿಕ್ಸ್‌ನಲ್ಲಿ ಓಡಿಸಬಹುದಾದ ಫೈಲ್‌ಗಳ ರೂಪವಾಗಿದ್ದ ಎ.ಔಟ್ ಫೈಲ್‌ನ ಗುರುತಿನ ಸಂಖ್ಯೆ ಆಕ್ಟಲ್ 407. ಪಿಡಿಪಿ-11ರಲ್ಲಿ ಅದೊಂದು ಇನ್‌ಸ್ಟ್ರಕ್ಷನ್ ಕೂಡ ಹೌದು: ಏಳು ಪದ ಮುಂದಕ್ಕೆ ಜಿಗಿ ಎಂಬ ಬ್ರ್ಯಾಂಚ್. ಹೆಡರ್ ಎಂಟು ಪದ, 16 ಬೈಟ್. ಇನ್‌ಸ್ಟ್ರಕ್ಷನ್ ಓದಿದ ಮೇಲೆ ಪ್ರೋಗ್ರಾಂ ಕೌಂಟರ್ ಒಂದು ಪದ ಮುಂದೆ ಹೋಗಿರುತ್ತದೆ. ಅಲ್ಲಿಂದ ಏಳು ಪದ ಜಿಗಿದರೆ ಸರಿಯಾಗಿ ಹೆಡರ್ ಮುಗಿದ ಕಡೆ ಇಳಿಯುತ್ತದೆ. ಹೆಡರ್ ಸಮೇತ ಫೈಲನ್ನು ಮೆಮೊರಿಗೆ ತಂದು ಮೊದಲ ಪದದಿಂದಲೇ ಓಡಿಸಿದರೂ ಪ್ರೋಗ್ರಾಂ ನಡೆಯುತ್ತದೆ. ಗುರುತಿನ ಸಂಖ್ಯೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಉತ್ತರ 4

ಕೊನೆಯ ಮೂರು ಅಂಕಿ ಎಂಬ ನಿಯಮ 4096 ಬೈಟ್‌ಗಳ ಪೇಜ್‌ಗೆ ಮಾತ್ರ ಎಂಬುದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ ಮೇಡಂ. ನಾನು ಆಂಡ್ರಾಯ್ಡ್ ಆ್ಯಪ್‌ಗಳ ನೇಟಿವ್ ಲೈಬ್ರರಿಗಳ ಮೇಲೆ ಕೆಲಸ ಮಾಡುತ್ತೇನೆ. ಆಂಡ್ರಾಯ್ಡ್ 15ರಿಂದ 16 ಕಿಲೋಬೈಟ್ ಪೇಜ್ ಇರುವ ಸಾಧನಗಳಿಗೆ ಬೆಂಬಲ ಬಂತು. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಮತ್ತು ಅದರ ನಂತರದ ಆವೃತ್ತಿಗಳನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳು ಇದಕ್ಕೆ ಹೊಂದಿಕೊಳ್ಳಲೇಬೇಕು ಎಂದು ಗೂಗಲ್ ಪ್ಲೇ ನಿಯಮ ಮಾಡಿದೆ. ನಾವು ಮಾಡಬೇಕಾಗಿ ಬಂದದ್ದು ಈ ಚರ್ಚೆಯಲ್ಲಿರುವ ಸಂಗತಿಯೇ: ಪ್ರತಿ ಲೈಬ್ರರಿಯನ್ನೂ ಮ್ಯಾಕ್ಸ್-ಪೇಜ್-ಸೈಜ್ 16384 ಎಂದು ಲಿಂಕರ್‌ಗೆ ಹೇಳಿ ಮತ್ತೆ ಲಿಂಕ್ ಮಾಡುವುದು. ಕೋಡ್‌ನಲ್ಲಿ ಎಲ್ಲಾದರೂ 4096 ಎಂದು ನೇರವಾಗಿ ಬರೆದಿದ್ದರೆ ಅದನ್ನೂ ಹುಡುಕಿ ತೆಗೆಯಬೇಕು. ಮೂಲ ಕೋಡ್ ಕೈಯಲ್ಲಿಲ್ಲದ ಹಳೆಯ ಲೈಬ್ರರಿ ಇಟ್ಟುಕೊಂಡವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಉತ್ತರ 2ರಲ್ಲಿ ಹೇಳಿದಂತೆ ಆ ಹೊರೆ ಲಿಂಕರ್‌ನದ್ದು.

ನಿಮ್ಮ ಪ್ರಯೋಗವನ್ನು ರಾಸ್ಪ್‌ಬೆರಿ ಪೈ 5ರಲ್ಲಿ ಮಾಡಿ ನೋಡಿದೆ. ಅದರ 64 ಬಿಟ್ ವ್ಯವಸ್ಥೆಯಲ್ಲಿ ಕರ್ನಲ್ 16 ಕಿಲೋಬೈಟ್ ಪೇಜ್‌ನೊಂದಿಗೇ ಬರುತ್ತದೆ. ಗೆಟ್‌ಕಾನ್ಫ್ ಪೇಜ್‌ಸೈಜ್ ಎಂದರೆ 16384 ಎನ್ನುತ್ತದೆ. ಪ್ರೊಸೆಸರ್ ಬೇರೆಯಾದ್ದರಿಂದ ಆಫ್‌ಸೆಟ್ 12ರಲ್ಲಿರುವ, ಅಂದರೆ ದಶಮಾನದ 18ನೆಯ ಬೈಟ್‌ನ, ಯಂತ್ರದ ಸಂಖ್ಯೆಯನ್ನು 3ಇ ಬದಲು ಬಿ7 ಮಾಡಬೇಕು. ಕೋಡ್ ಮೂರು ಇನ್‌ಸ್ಟ್ರಕ್ಷನ್: ಎಕ್ಸ್0ಗೆ 42, ಎಕ್ಸ್8ಗೆ 93, ಆಮೇಲೆ ಎಸ್‌ವಿಸಿ. ಈ ಪ್ರೊಸೆಸರ್‌ನಲ್ಲಿ ನಿರ್ಗಮನದ ಕರೆಯ ಸಂಖ್ಯೆ 93. ಬೈಟ್‌ಗಳು 40 05 80 ಡಿ2, ಎ8 0ಬಿ 80 ಡಿ2, 01 00 00 ಡಿ4. ಇಲ್ಲೂ 12 ಬೈಟ್, ಹಾಗಾಗಿ ಫೈಲ್ ಮತ್ತೆ 132.

ಅ ಮತ್ತು ಆ ಇಲ್ಲೂ ಓಡುತ್ತವೆ. ಆಫ್‌ಸೆಟ್‌ಗೂ ವಿಳಾಸಕ್ಕೂ ಇರುವ ವ್ಯತ್ಯಾಸ 400000, ಅಂದರೆ 4 ಮೆಗಾಬೈಟ್. ಅದು 16 ಕಿಲೋಬೈಟ್‌ನ ಗುಣಕ. ಇ ಇಲ್ಲೂ ಓಡುವುದಿಲ್ಲ. ಉತ್ತರ 2ರಲ್ಲಿ ಸೂಚಿಸಿದ 4108 ಬೈಟ್‌ಗಳ ಫೈಲ್, ಆಫ್‌ಸೆಟ್ 1000, ವಿಳಾಸ 400000, ಎಕ್ಸ್86ರಲ್ಲಿ ಸರಿ; ಪೈ 5ರಲ್ಲಿ ಅದೂ ಸಾಯುತ್ತದೆ, ಎಸ್‌ಟ್ರೇಸ್ ಅದೇ ಎರಡು ಸಾಲು ತೋರಿಸುತ್ತದೆ. 1000 ಎಂಬುದು 4000ದ ಗುಣಕವಲ್ಲ. ಅದೇ ಫೈಲ್‌ನ ವಿಳಾಸ ಮತ್ತು ಎಂಟ್ರಿಯನ್ನು 401000 ಎಂದು ಬದಲಾಯಿಸಿದರೆ ಓಡುತ್ತದೆ. ಈಗ 4000ದಿಂದ ಭಾಗಿಸಿದರೆ ಎರಡು ಕಡೆಯೂ ಶೇಷ 1000. ವಿಳಾಸ 400000 ಎಂದೇ ಉಳಿಯಬೇಕಿದ್ದರೆ ಕೋಡನ್ನು ಆಫ್‌ಸೆಟ್ 4000ಕ್ಕೆ ಸರಿಸಿ. ಫೈಲ್ 16396 ಬೈಟ್ ಆಗುತ್ತದೆ, 4 ಕಿಲೋಬೈಟ್ ಪೇಜ್ ಇರುವ ಆರ್ಮ್ ಬೋರ್ಡ್‌ನಲ್ಲೂ ಅದೇ ಫೈಲ್ ಬದಲಾವಣೆ ಇಲ್ಲದೆ ಓಡುತ್ತದೆ. 64 ಕಿಲೋಬೈಟ್ ಪೇಜ್ ಇರುವ ಆರ್ಮ್ ಸರ್ವರ್‌ಗೂ ಒಂದೇ ಫೈಲ್ ಬೇಕೆಂದರೆ ಆಫ್‌ಸೆಟ್ 10000, ಗಾತ್ರ 65548.